ಎರಡನೇ ಕಾವು

ಎಲ್ಬಾ ಉದ್ದ ಹಿಡಿಯ ಮರದ ಹಲಗೆಯನ್ನು ಮಣ್ಣಿನ ಗೂಡೊಲೆಯೊಳಗೆ ತೂರಿಸಿ ತಟ್ಟೆಯನ್ನು ಹೊರಗೆಳೆಯುತ್ತಿದ್ದಳು, ಹಿಂದಿನಿಂದ ಅಪ್ಪನ ಕೆಮ್ಮು ಕೇಳಿಸಿತು. ತಟ್ಟೆಯಲ್ಲಿ ಮೆಕ್ಕೆಜೋಳದ ಹಿಟ್ಟಿಗೆ ಚೀಸ್ ಬೆರೆಸಿ ಬಳೆಯಂತೆ ಸುತ್ತಿದ ರೊಸ್ಕಿಯಾಗಳು ಆಗಷ್ಟೇ ಕೆಂಪಗಾಗಿದ್ದವು. ಹಿಟ್ಟು ಅವ್ವನ ಕೈಯದು. ಮೊನ್ನೆ ಸಂಜೆ ಅದನ್ನು ನಾದಿ, ಬಟ್ಟೆ ಮುಚ್ಚಿಟ್ಟು ಮಲಗಿದ ಅವ್ವ ತೊಮಾಸಾ ನಿನ್ನೆ ಬೆಳಿಗ್ಗೆ ಏಳಲಿಲ್ಲ. ಹಿಟ್ಟು ಹುಳಿನಾತ ಹೊಡೆಯುತ್ತಿತ್ತು, ನೊಣ ಮುತ್ತಿತ್ತು. ಆದರೂ ಎಸೆಯಲು ಮಗಳ ಕೈ ಏಳಲಿಲ್ಲ.

"ಒಳಗೆ ತಳ್ಳು ಅದನ್ನ. ಎರಡನೇ ಕಾವು ಆಗಿಲ್ಲ," ಎಂದ ನಿಕಾನೋರ್.

ಸೊಮೊತೊ ಊರಿನಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳಿಯಾರು. ಒಮ್ಮೆ ಬೆಂದ ರೊಸ್ಕಿಯಾವನ್ನು ಆರುತ್ತಿರುವ ಒಲೆಯಲ್ಲಿ ಮತ್ತೆ ಗಂಟೆಗಟ್ಟಲೆ ಒಣಗಿಸಬೇಕು, ಕಡಿದರೆ ಕಟುಮ್ಮೆನ್ನಬೇಕು. ಸಾವಿನ ಮನೆಗೆ ಬಂದವರಿಗೆ ಕಾಫಿಯ ಜೊತೆ ಕೊಡುವುದೂ ಅದನ್ನೇ. ಅವ್ವ ನಲವತ್ತು ವರ್ಷ ಊರಿಗೆ ಗರಿಗರಿಯಾದುದನ್ನೇ ಸುಟ್ಟುಕೊಟ್ಟಳು. ಅವಳಿಗೆ ಇಷ್ಟವಾಗುತ್ತಿದ್ದುದು ಮೆತ್ತಗಿನದು. ಅವಳು ನಾದಿದ ಕಡೆಯ ಹಿಟ್ಟಾದರೂ ಅವಳಿಗೆ ಬೇಕಾದ ಹಾಗೆ ಜನರ ಕೈ ಸೇರಲಿ ಎಂದು ಎಲ್ಬಾ ಗಟ್ಟಿ ಮನಸ್ಸು ಮಾಡಿದ್ದಳು.

"ಇಷ್ಟು ಸಾಕು ಅಪ್ಪಾ. ಅವ್ವನಿಗೆ ಹೀಗೇ ಬೇಕಿತ್ತು."

"ಹೆಂಡ್ತಿ ಮಣ್ಣಿನ ದಿನ ನಿಕಾನೋರ್ ಹಂದಿ ಮೇವು ಹಂಚಿದ ಅಂತ ಜನ ಆಡ್ಕೋಬೇಕಾ?"

ಮಾತಾಡುವಾಗ ಅವನ ಬೋಳು ಒಸಡು ಕಾಣುತ್ತಿತ್ತು. ಕೈಯಲ್ಲಿದ್ದ ಕಾಫಿ ಲೋಟದೊಳಗೆ ಒಂದು ಗಟ್ಟಿ ರೊಸ್ಕಿಯಾ ಮುಳುಗಿ ಉಬ್ಬಿ ಅಂಬಲಿಯಾಗಿತ್ತು. ಅದನ್ನು ಬೆರಳಿಂದ ಬಳಿದು ಸೊರ್ರೆಂದು ಎಳೆದುಕೊಂಡ. ಮೀಸೆಯ ತುಂಬ ಮುದ್ದೆ. ನಿನ್ನೆ ಶವಪೆಟ್ಟಿಗೆಯ ಬಳಿ ನಿಂತು ಹೀಗೇ ತಿನ್ನುತ್ತಿದ್ದಾಗ, ಅವ್ವನ ಮುಖ ಕಾಣಲೆಂದು ಮುಚ್ಚಳಕ್ಕೆ ಕೂರಿಸಿದ ಗಾಜಿಗೆ ಒಂದು ತೊಟ್ಟು ಬಿದ್ದಿತ್ತು. ಅವನು ಅದನ್ನು ಹೆಬ್ಬೆರಳಿಂದ ಒರೆಸಿ ಬಾಯಿಗೆ ಹಾಕಿಕೊಂಡಿದ್ದ.

*

ಎಲ್ಬಾಗೆ ಹನ್ನೆರಡು ವರ್ಷವಿದ್ದಾಗಿನ ಮಾತು. ಹಬ್ಬದ ಮುಂಚಿನ ದಿನ, ಹಿತ್ತಲ ತುಂಬ ಕೆಲಸದ ಹೆಂಗಸರು. ಎರಡನೇ ಕಾವಿಗೆ ಮೊದಲೇ ಅವ್ವ ಆರು ರೊಸ್ಕಿಯಾ ತೆಗೆದು ಬಟ್ಟೆಯಡಿ ಇಟ್ಟುಕೊಂಡಿದ್ದಳು. ಅಪ್ಪನ ಕಣ್ಣಿಗೆ ಬಿತ್ತು. ಒಂದನ್ನೆತ್ತಿ ಎಲ್ಲರೆದುರು ಮುಷ್ಟಿಯಲ್ಲಿ ಹಿಸುಕಿದ. ಬೆರಳ ಸಂದಿಯಿಂದ ಹಿಟ್ಟು ಹೊರಬಂತು.

"ನೋಡ್ರೇ, ನಮ್ಮನೆಯಾಕೆಗೆ ಇನ್ನೂ ಹಾಲುಹಲ್ಲು," ಎಂದು ಕೈಯನ್ನು ಅವಳ ಏಪ್ರನ್ನಿಗೆ ಒರೆಸಿದ. ಉಳಿದ ಐದನ್ನು ಹಂದಿಯ ಮುಂದೆ ಅವಳ ಕೈಯಿಂದಲೇ ಹಾಕಿಸಿದ. ಹೆಂಗಸರೆಲ್ಲ ನಕ್ಕರು. ಅವ್ವನೂ ನಕ್ಕಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ಎಲ್ಬಾ.

ಆಮೇಲೆ ಅವ್ವ ಒಂದನ್ನೂ ಎತ್ತಿಡಲಿಲ್ಲ. ಹಲ್ಲು ಉದುರಿದ ಮೇಲೆ ತಟ್ಟೆಯ ತಳದ ಪುಡಿಯನ್ನು ಬೆರಳಿಗೆ ಒತ್ತಿಕೊಂಡು ನೆಕ್ಕುತ್ತಿದ್ದಳು. ಕಾಫಿಗೆ ಅದ್ದಿದ್ದು ಅವಳಿಗೆ ಸೇರದು; ಗಂಡನ ಲೋಟ ನೋಡಿ ನೋಡಿ ಹೇಸಿಗೆ ಹುಟ್ಟಿತ್ತು. ಒಣ ಪುಡಿ ತಾಗಿ ಒಸಡಿನಲ್ಲಿ ರಕ್ತ ಬಂದರೂ, ಗರಿಗರಿ ಇದ್ದರೇನೇ ರುಚಿ ಎನ್ನುತ್ತಿದ್ದಳು. ಆ ಮಾತು ಕೇಳಿದಾಗೆಲ್ಲ ಎಲ್ಬಾಗೆ ತನ್ನ ಆ ದಿನದ ನಗೆ ನೆನಪಾಗಿ ಬಾಯಿ ಕಹಿಯಾಗುತ್ತಿತ್ತು.

*

ಎಲ್ಬಾ ತಟ್ಟೆಯನ್ನು ಒಲೆಗೆ ತಳ್ಳಲಿಲ್ಲ. ಹೊತ್ತುಕೊಂಡು ನೇರ ಅಂಗಳಕ್ಕೆ ಬಂದಳು. ಪೆಟ್ಟಿಗೆ ಎತ್ತುವ ಹೊತ್ತಾಗಿತ್ತು. ಆ ಹಬ್ಬದ ಆಮೇಲೆ ಪಕ್ಕದ ಮನೆಗೆ ಬಂದು ಅವ್ವನ ಜೊತೆ ವರ್ಷಾನುಗಟ್ಟಲೆ ಹಿಟ್ಟು ನಾದಿದ ಪೆತ್ರೊನಾ ಮೊದಲು ಕೈ ಹಾಕಿದಳು. ಒತ್ತಿದರೆ ತಗ್ಗಿತು.

"ಇದು ಒಣಗಿಲ್ವಲ್ಲೇ ಮಗಳೇ."

"ಅವ್ವ ಕಡೇಗೆ ನಾದಿದ್ದು ಅಮ್ಮಾ. ಅವಳು ಇಷ್ಟಪಡ್ತಿದ್ದದ್ದು ಹೀಗೇ."

ಪೆತ್ರೊನಾ ನಿಕಾನೋರನತ್ತ ಒಮ್ಮೆ ನೋಡಿದಳು. ಮುರಿದು ಬಾಯಿಗಿಟ್ಟು ನಿಧಾನ ಅಗಿದಳು.

"ಇಷ್ಟು ವರ್ಷ ಜೊತೆಗಿದ್ದೆ. ನಂಗೊಂದು ಮಾತು ಹೇಳ್ಲಿಲ್ಲ ನೋಡು," ಎಂದು ಇನ್ನೊಂದನ್ನು ತೆಗೆದುಕೊಂಡಳು.

ಉಳಿದವರೂ ಕೈ ಚಾಚಿದರು. ಒಬ್ಬಾಕೆ ಮೂಗು ಮುರಿದು ಕರವಸ್ತ್ರದಲ್ಲಿ ಸುತ್ತಿಟ್ಟಳು, ಒಬ್ಬ ಮುದುಕ ಎರಡು ತಿಂದ. ಯಾರ ದವಡೆಯಿಂದಲೂ ಸದ್ದಿಲ್ಲ. ನಿಕಾನೋರ್‌ಗೆ ಅದು ತಡೆಯಲಾಗಲಿಲ್ಲ. ಮೊದಲೇ ಸುಟ್ಟು ಡಬ್ಬಿಯಲ್ಲಿಟ್ಟಿದ್ದ ಗಟ್ಟಿ ರೊಸ್ಕಿಯಾ ಒಂದನ್ನು ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

"ರೊಸ್ಕಿಯಾ ಅಂದ್ರೆ ಇದು," ಎಂದು ಬರಿದಾದ ಲೋಟವನ್ನು ಮಗಳ ಮುಂದೆ ಚಾಚಿದ.

ಕಾಫಿ ಕೆಟಲು ಎಲ್ಬಾಳ ಪಕ್ಕದಲ್ಲೇ ಇತ್ತು. ಅವಳು ಅದನ್ನು ಮುಟ್ಟಲಿಲ್ಲ.

"ಗರಿಗರಿ ತಿನ್ನೋನಲ್ವಾ ನೀನು. ಕಡಿ ಅಪ್ಪಾ."

ಪೆತ್ರೊನಾ ಅಗಿಯುವುದನ್ನು ನಿಲ್ಲಿಸಿದಳು. ಅಂಗಳದ ಕಣ್ಣೆಲ್ಲ ಅವನ ಮೇಲಿತ್ತು. ನಿಕಾನೋರ್ ರೊಸ್ಕಿಯಾವನ್ನು ಇಡಿಯಾಗಿ ಬಾಯೊಳಗೆ ಹಾಕಿಕೊಂಡ. ಅಷ್ಟರಲ್ಲಿ ಗಂಡಸರು ಪೆಟ್ಟಿಗೆಯನ್ನು ಹೆಗಲಿಗೇರಿಸಿದರು.

ಪೆಟ್ಟಿಗೆಯ ಹಿಂದೆ ಮೊದಲು ನಡೆಯಬೇಕಾದವನು ಗಂಡ. ಟೊಪ್ಪಿಯನ್ನು ಎದೆಗೆ ಹಿಡಿದು ನಡೆದ. ರೊಸ್ಕಿಯಾ ಎಡಗೆನ್ನೆಯನ್ನು ಉಬ್ಬಿಸಿತು, ಆಮೇಲೆ ಬಲಗೆನ್ನೆಯನ್ನು. ಉಗುಳುವ ಹಾಗಿಲ್ಲ, ಊರೆಲ್ಲ ಹಿಂದಿದೆ. ಜೊಲ್ಲು ಗದ್ದದಿಂದಿಳಿದು ಬಿಳಿ ಅಂಗಿಯ ಮೇಲೆ ಉದ್ದಕ್ಕೆ ಹರಿಯಿತು. ಬೀದಿ ತಿರುವಿನಲ್ಲಿ ಒಬ್ಬ ಹುಡುಗಿ, ತಾತ ಅಳ್ತಿದಾನೆ ಎಂದು ತಾಯಿಗೆ ಪಿಸುಗುಟ್ಟಿದಳು.