ಹಲಸಿನ ಮರದ ಮೇಲಿನ ಮೇಸ್ತ್ರಿ

ಕಾದಂಬರಿಯೊಳಗೆ ಪಾತ್ರವಾಗುವ ಯೋಗ ಕೆ. ಹೊಸಕೋಟೆಯ ಸುತ್ತಮುತ್ತ ಎಷ್ಟು ಜನಕ್ಕಿದೆ? ಒಬ್ಬರಿಗೇ. ಅದು ಜವರಯ್ಯನಿಗೆ. ಕಾಫಿ ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿ ಆಳುಗಳನ್ನು ಕೂಗಿ ಕೂಗಿ ಗಂಟಲು ಕೆಡಿಸಿಕೊಂಡಿದ್ದ ಈ ಐದಡಿ ಎರಡಿಂಚಿನ ಮನುಷ್ಯನನ್ನು ಊರಿನ ಶಾಂತಮಲ್ಲಪ್ಪ ಮೇಷ್ಟ್ರು ಮೂವತ್ತು ವರ್ಷದ ಹಿಂದೆ ತಮ್ಮ ‘ಕಣಕ್ಕೆ ಬಂದ ಆನೆ’ ಕಾದಂಬರಿಯಲ್ಲಿ ಆರಡಿಗೆ ಏರಿಸಿಬಿಟ್ಟರು. ಹೆಸರನ್ನೂ ಬದಲಾಯಿಸಲಿಲ್ಲ. ಕಾಫಿ ಒಣಗಿಸುವ ಕಣಕ್ಕೆ ನುಗ್ಗಿದ ಸಲಗದೆದುರು ಜವರ ಮೇಸ್ತ್ರಿ ಎದೆ ಸೆಟೆಸಿ ನಿಂತು, ಉರಿಯುವ ಕೊಳ್ಳಿ ಬೀಸಿ ಅದನ್ನು ಕಾಡಿಗಟ್ಟುವುದು ಹದಿನಾಲ್ಕನೇ ಅಧ್ಯಾಯ.

ಅಂದಿನಿಂದ ಅವನಿಗೆ ಮದುವೆಮನೆಯಲ್ಲಿ ಮೊದಲ ಪಂಕ್ತಿ, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು. ಹೆಂಡತಿ ಮಾದೇವಮ್ಮನಿಗೆ ಓದು ಬಾರದು. ವರ್ಷಕ್ಕೆರಡು ಸಲವಾದರೂ ಆ ಅಧ್ಯಾಯವನ್ನು ಅವನೇ ಅವಳಿಗೆ ಓದಿ ಹೇಳುತ್ತಿದ್ದ. ಒಂದು ವಾಕ್ಯವನ್ನು ಮಾತ್ರ ಪ್ರತಿ ಸಲವೂ ಹಾರಿಸುತ್ತಿದ್ದ.

ಮೇಷ್ಟ್ರು ತೀರಿಕೊಂಡ ಮೇಲೆ ಅವರ ಮೊಮ್ಮಗಳು ಶೃತಿ ಅದೇ ಕಾದಂಬರಿಯನ್ನು ಕಾಮಿಕ್ಸ್ ಮಾಡಿದಳು. ಚಿತ್ರ ಬರೆಯುವವರಿಗೆ ಒಂದು ಕೆಟ್ಟ ಚಾಳಿಯಿದೆ, ಕಣ್ಣಾರೆ ಕಂಡವರನ್ನು ಹುಡುಕಿಕೊಂಡು ಹೋಗಿ ಕೇಳುತ್ತಾರೆ. ಅವಳು ಕೇಳಿದ್ದು ಟ್ರ್ಯಾಕ್ಟರ್ ಲಕ್ಕಯ್ಯನನ್ನು. ಆನೆ ಬಂದ ದಿನ ಲಕ್ಕಯ್ಯ ಹಲಸಿನ ಮರದ ಮೇಲಿದ್ದ. ಪಕ್ಕದ ಕೊಂಬೆಯಲ್ಲಿ ಯಾರಿದ್ದರು ಎಂಬುದನ್ನು ಅವನು ಮರೆತಿರಲಿಲ್ಲ.

ಪಕ್ಕದೂರು ಪಾಳ್ಯದ ಗ್ರಂಥಾಲಯದಲ್ಲಿ ಬಿಡುಗಡೆ ಎಂದಾಯಿತು, ಜವರಯ್ಯನೇ ಮುಖ್ಯ ಅತಿಥಿ. ಹಿಂದಿನ ದಿನ ಪುಸ್ತಕ ಕೈಗೆ ಬಂತು. ಮೂವತ್ತೆರಡನೇ ಪುಟದಲ್ಲಿ ಎರಡು ಹಲಸಿನಕಾಯಿಗಳ ನಡುವೆ ಮೂರನೇ ಕಾಯಿಯ ಹಾಗೆ ತಾನು ಮರ ಕಚ್ಚಿಕೊಂಡು ಕೂತಿದ್ದ. ಕೆಳಗೆ ಮಾದೇವಮ್ಮ ಸೆರಗು ಬಿಗಿದು ತಗಡಿನ ಡಬ್ಬ ಬಡಿಯುತ್ತಿದ್ದಾಳೆ, ಆನೆ ಬಾಲವೆತ್ತಿ ಓಡುತ್ತಿದೆ. ಜವರಯ್ಯ ತಕ್ಷಣ ಶೃತಿಗೆ ಫೋನ್ ಹಚ್ಚಿದ.

“ಏನವ್ವಾ, ನಿಮ್ ತಾತ ಕೊಟ್ಟ ಮರ್ಯಾದೇನ ನೀನು ಮರ ಹತ್ತುಸ್ಬುಟ್ಯಲ್ಲ.”

“ಲಕ್ಕಯ್ಯಣ್ಣ ಹೇಳಿದ್ದು ಸುಳ್ಳಾ ಮೇಸ್ತ್ರಿ?”

“ಅವುನ್ಗೆ ಕಣ್ಣು ಮಂಜು ಕಣವ್ವ.”

“ಆಗ ಅವರಿಗೆ ಇಪ್ಪತ್ತೈದು ವರ್ಷ.”

ಜವರಯ್ಯ ಫೋನಿಟ್ಟ. ಮೂವತ್ತು ವರ್ಷ ಉಂಡ ಮರ್ಯಾದೆ ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಕಕ್ಕಬೇಕು. ಉಳಿದದ್ದು ಒಂದೇ ದಾರಿ: ಕಾದಂಬರಿಯೇ ಸತ್ಯ, ಚಿತ್ರವೆಲ್ಲ ಮಕ್ಕಳಾಟ ಎಂದು ವೇದಿಕೆಯಲ್ಲಿ ಸಾಧಿಸುವುದು.

ಆದರೆ ಗ್ರಂಥಪಾಲಕಿ ಮಂಜುಶ್ರೀಗೆ ಬೋರ್ಡ್ ಕಂಡರೆ ನಡುವೆ ಗೆರೆ ಎಳೆಯುವ ಹುಚ್ಚು. ಮರುದಿನದ ಸಭೆಯಲ್ಲೂ ಎಳೆದಳು, ಎಡಕ್ಕೆ ಕಾದಂಬರಿ, ಬಲಕ್ಕೆ ಕಾಮಿಕ್ಸ್. “ಮೇಸ್ತ್ರಿಯ ಪಾತ್ರ. ಎಡಗಡೆ ವೀರ, ಬಲಗಡೆ ಪುಕ್ಕಲ,” ಎಂದಳು. ಸಭೆ ಗೊಳ್ಳೆಂದಿತು. “ಇನ್ನು ಹೆಂಡತಿ. ಬಲಗಡೆ ಆನೆಯನ್ನೇ ಓಡಿಸುತ್ತಾಳೆ. ಎಡಗಡೆ ಆಕೆಗೆ ಸಿಕ್ಕಿರುವುದು ಒಂದೇ ವಾಕ್ಯ. ‘ಮಾದೇವಿ ಬಾಗಿಲ ಹಿಂದೆ ನಿಂತು ಮಗುವಿನಂತೆ ಅಳುತ್ತಿದ್ದಳು.’”

ಹಾರಿಸುತ್ತಿದ್ದ ವಾಕ್ಯ ಅದೇ.

ಮುಂದಿನ ಸಾಲಿನಲ್ಲಿದ್ದ ಮಾದೇವಮ್ಮ ಎದ್ದು ನಿಂತಳು. “ನಾ ಅಳ್ತಿದ್ದೆ ಅಂತ ಐತಾ? ಮೇಷ್ಟ್ರಿಗೆ ಹಂಗಂತ ಯಾರ್ರೀ ಹೇಳಿದ್ದು?”

ಮೇಷ್ಟ್ರು ಕಟ್ಟಿದ ಕತೆ ಎಂದರೆ ಮುಗಿದುಹೋಗುತ್ತಿತ್ತು, ಸತ್ತವರು ಎದ್ದು ಬಂದು ಇಲ್ಲವೆನ್ನುವುದಿಲ್ಲ. ಅದಕ್ಕೆಂದೇ ಜವರಯ್ಯ ಬಾಯಿ ತೆರೆದ. ಮಾದೇವಮ್ಮ ಸಿಟ್ಟಾಗಿದ್ದರೆ ಅಂದೂ ಬಿಡುತ್ತಿದ್ದನೇನೋ, ಅವಳು ಸುಮ್ಮನೆ ಕಾಯುತ್ತಿದ್ದಳು. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

“ನಾನೇ ಹೇಳಿದ್ದು,” ಎಂದ. “ಅತ್ತೋನೂ ನಾನೇ, ಮರದ್ ಮೇಲೆ. ಆನೆ ಓಡ್ಸಿದ್ದು ನೀನು. ಹೆಂಡ್ತಿ ಉಳ್ಸಿದ್ಲು ಅನ್ನಕ್ಕೆ ನಾಚ್ಕೆ ಆಗ್ಬುಡ್ತು.”

ಯಾರೂ ನಗಲಿಲ್ಲ. ಮಾದೇವಮ್ಮ ಕಾಮಿಕ್ಸ್ ಎಳೆದುಕೊಂಡು ಮೂವತ್ತೆರಡನೇ ಪುಟವನ್ನು ಬಹಳ ಹೊತ್ತು ನೋಡಿದಳು.

“ನಾನ್ಯಾವ ಆನೆ ಓಡ್ಸಿದ್ದು? ಕಾಫಿ ಸ್ಟೋರ್ ಕಟ್ಟಡದ್ ಆಚೆಗಿದ್ದ ಆನೆ ನನ್ ಕಣ್ಗೇ ಬಿದ್ದಿಲ್ಲ. ಕಣದ್ ತುಂಬ ಕಾಫಿ ಹರವಿತ್ತು, ಪಟಪಟ ಹನಿ ಬಿತ್ತು. ಹನಿ ಬಿದ್ರೆ ಡಬ್ಬ ಬಡ್ದು ಲೈನ್ ಮನೆ ಆಳುಗಳ್ನ ಕರಿಯದು ನಮ್ ಪದ್ಧತಿ. ಗುಡ್ಡೆ ಮಾಡಕ್ಕೆ ನಿಮ್ಮುನ್ನೇ ಕೂಗ್ತಿದ್ದೆ. ನೀವು ಬರ್ಲಿಲ್ಲ. ಒಬ್ಳೇ ಗುಡ್ಡೆ ಮಾಡ್ದೆ, ಒಬ್ಳೇ ಟಾರ್ಪಾಲ್ ಎಳ್ದೆ. ಆಮೇಲೆ ನೀವು ಓದಿ ಹೇಳ್ದಾಗ, ಆನೆ ಕಣಕ್ ನುಗ್ಗಿದ್ದು ಮೇಷ್ಟ್ರು ಕಟ್ಟಿದ್ದು, ಆದ್ರೆ ಪಾಪ ಕೊಳ್ಳಿ ಹಿಡ್ಕಂಡು ಅದ್ರ ಹಿಂದೆ ಹೋಗಿದ್ದು ದಿಟ ಅಂದ್ಕಂಡೆ, ಅದುಕ್ಕೇ ಇಷ್ಟು ವರ್ಷ ಒಂದ್ ಮಾತು ಬೈದಿಲ್ಲ.”

ಜವರಯ್ಯ ನೆಲ ನೋಡಿದ. ಸಭೆಯಲ್ಲಿ ಕೂತಿದ್ದ ಲಕ್ಕಯ್ಯನೂ ನೋಡಿದ, ಅವನೂ ಮರದಿಂದ ಇಳಿದು ಬಂದಿರಲಿಲ್ಲವಲ್ಲ.

ಶೃತಿ ಪೆನ್ಸಿಲ್ ತೆಗೆದಳು. “ಮುಂದಿನ ಮುದ್ರಣಕ್ಕೆ ಸರಿಮಾಡ್ತೀನಿ ಅಜ್ಜಿ. ಏನು ಬರೀಲಿ?”

“ಮಳೆ ಬರಿ. ಅರ್ಧ ಕಾಫಿ ನೆಂದೋಯ್ತು. ಅದು ನಿಮ್ ತಾತನ್ ಪುಸ್ತಕ್ದಲ್ಲೂ ಇಲ್ಲ, ನಿಂದ್ರಲ್ಲೂ ಇಲ್ಲ.”

“ಮೇಸ್ತ್ರಿನ?”

“ಇದ್ದಲ್ಲೇ ಇರ್ಲಿ ಬುಡು. ಮರ ಚೆನ್ನಾಗಿ ಬರ್ದಿದ್ದೀಯ.”

ಹಿಂದಿರುಗುವ ಬಸ್ಸಿನಲ್ಲಿ ಯಾರೋ ಎದ್ದು ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟರು. ಮಾದೇವಮ್ಮ ಹೋಗಿ ಕೂತಳು.