ಲಾರಿಯಲ್ಲಿದ್ದ ಮೂರನೆಯವನು

ಗಂಡನ ಹಣೆಗೆ ನಾಮ ಎಳೆಯುತ್ತಿದ್ದ ಮುನಿವೆಂಕಟಮ್ಮನ ಕೈ ಜಗಲಿಯ ಮಾತು ಕೇಳಿ ಅರ್ಧಕ್ಕೇ ನಿಂತಿತು.

"ಅತ್ತೂವರೆ ರೈಲಿಗೆ ಮರಿಯಮ್ಮನ ಮಗ ಬತ್ತಾವ್ನೆ. ಅವನು ಬಂದು ಬಾಯಿಗೆ ಅಕ್ಕಿ ಆಕೋಗಂಟ ಎಣ ಎತ್ತೋದು ಬ್ಯಾಡ."

ಹೇಳಿದವನು ಪುಟ್ಟೇನಹಳ್ಳಿಯ ಯಜಮಾನ ಸೊಣ್ಣಪ್ಪ. ಅವನು ಆಡಿದ ಮಾತಿಗೆ ಊರಿನಲ್ಲಿ ಎದುರು ಮಾತಿರಲಿಲ್ಲ. ಮುನಿವೆಂಕಟಮ್ಮ ಉಳಿದರ್ಧ ನಾಮವನ್ನು ಹೇಗೋ ಎಳೆದು ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಾಗಿಲಿಗೆ ಬಂದಳು.

"ಅಷ್ಟೊತ್ತು ಯಾಕಣ್ಣ? ಬಿಸಿಲೇರ್ತದೆ. ಬೇಗ ಎತ್ತಿಬುಡಿ."

"ಆಷಾಢದಾಗೆ ಎಲ್ಲಮ್ಮ ಬಿಸಿಲು?"

"ಅಂಗಾದ್ರೆ ಮಳೆ ಬಂದಾತು. ಗುಂಡಿಗೆ ನೀರು ತುಂಬ್ಕೊಂತದೆ."

"ತುಂಬ್ಕೊಂಡ್ರೆ ಮೊಗೆದು ಆಕ್ತೀವಿ," ಎಂದ ಸೊಣ್ಣಪ್ಪ. "ನೋಡಮ್ಮಯ್ಯ, ಆ ಉಡುಗ ಸತ್ತನೋ ಬದುಕವ್ನೋ ಅಂತ ಸರ್ಕಾರಕ್ಕೇ ಗೊತ್ತಿಲ್ದೆ ಇದ್ದಾಗ, ಅಗೋ ಲಾರೀಲವ್ನೆ ಅಂತ ಊರಿಗೆಲ್ಲ ತೋರಿಸ್ದೋನು ನಿನ್ನ ಗಂಡ. ಮೊದಲ್ನೇ ಅಕ್ಕಿ ಆ ಉಡುಗಂದೇ."

ಜಗಲಿಯ ಮೇಲಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು. ಮುನಿವೆಂಕಟಮ್ಮ ಒಳಗೆ ಬಂದು ಗಂಡನ ತಲೆಯ ಹತ್ತಿರ ಕುಕ್ಕರಿಸಿದಳು. ಮರಿಯಮ್ಮನ ಮಗ ಕೃಷ್ಣ ಬಂದು ಬಾಯಿ ಬಿಟ್ಟರೆ, ಯಾವ ಲಾರಿ, ನಾನು ಯಾವ ಲಾರಿಯಲ್ಲೂ ಇರಲಿಲ್ಲ ಎನ್ನುತ್ತಾನೆ. ಮೂವತ್ತು ವರ್ಷ ಮಾತಿನಿಂದಲೇ ಬದುಕಿದ ಗಂಡ ಅಶ್ವತ್ಥಪ್ಪನನ್ನು ಊರು ಸುಳ್ಳುಗಾರನೆಂದು ಮಣ್ಣಿಗೆ ಇಳಿಸುತ್ತದೆ. ಆ ಸುಳ್ಳು ಹುಟ್ಟಿದ್ದು ಅವಳ ಬಾಯಲ್ಲಿ. ಅದು ಸತ್ತವನನ್ನು ಬಿಟ್ಟರೆ ಅವಳೊಬ್ಬಳಿಗೇ ಗೊತ್ತು.

ಹೊರಗೆ ಮಾತು ಸತ್ತವನ ಮಾತುಗಳ ಕಡೆಗೆ ಹೊರಳಿತ್ತು.

"ಅದಿನಾಲ್ಕು ಕ್ಯಾರೆಟ್ಟಿನ ಮೇಲೆ ಒಡವೆ ಮಾಡಂಗಿಲ್ಲ ಅಂತ ಚಿನ್ನದ ಕಾನೂನು ಬಂತಲ್ಲ, ಅವತ್ತು ದೊಡ್ಡಪ್ಪ ಏನಂದ್ರು ಗೊತ್ತಾ?" ಎಂದ ಕದಿರಪ್ಪ. ಅವನು ಸತ್ತವನ ತಮ್ಮನ ಮಗ. ಜಾಲಹಳ್ಳಿಯ ಕಾರ್ಖಾನೆಯಿಂದ ಖಾಕಿ ಅಂಗಿಯಲ್ಲೇ ಬಂದಿದ್ದ. "'ಅದಿನಾರಾಣೆ ತಾಳಿ ಒಂಬತ್ತಾಣೆ ಆದ್ಮೇಲೆ ಗಂಡನೂ ಒಂಬತ್ತಾಣೆ ಗಂಡನೇ, ಪೂರ್ತಿ ದುಡಿ ಅಂತ ಯಾವ ಎಂಡ್ತೀನೂ ಕೇಳಂಗಿಲ್ಲ' ಅಂದ್ರು."

ಯಾರೋ ನಗು ತಡೆದುಕೊಳ್ಳಲು ಹೋಗಿ ಕೆಮ್ಮಿದರು.

"ಮೊನ್ನೆ ರಷ್ಯಾದ ಎಂಗ್ಸು ಆಕಾಶಕ್ಕೆ ಓಗಿ ಬಂದ್ಲಲ್ಲ, ಅದುಕ್ಕೆ ಮಲಗಿದ್ದಲ್ಲೇ ಏನಂದ ಕೇಳು," ಎಂದ ಸೊಣ್ಣಪ್ಪ. "'ಇಷ್ಟು ದಿನ ಗಂಡಸ್ರು ಓಗಿದ್ರು, ಅದೇನ್ ಕಂಡ್ರೋ ಕಾಣೆ. ಎಂಗ್ಸು ನೋಡ್ಕೊಂಡು ಬಂದು ಏಳಿದ್ರೇನೇ ಸರಿಯಾಗಿ ತಿಳಿಯೋದು ಬುಡು' ಅಂದ."

ಈ ಸಲ ಎಲ್ಲರೂ ನಕ್ಕರು. ಒಳಗೆ ಮುನಿವೆಂಕಟಮ್ಮ ಗಂಡನ ಮುಚ್ಚಿದ ರೆಪ್ಪೆಗಳನ್ನು ನೋಡಿದಳು. ಆ ಮಾತು ಯಾರಿಗೆ ಹೇಳಿದ್ದೆಂದು ನಕ್ಕವರಿಗೆ ಗೊತ್ತಿರಲಿಲ್ಲ.

*

ಯಲಹಂಕದ ಟೆಂಟು ಸಿನಿಮಾದಲ್ಲಿ ಪರದೆಯ ಪಕ್ಕ ನಿಂತು ಚಿತ್ರವನ್ನು ಬಿಡಿಸಿ ಹೇಳುವುದು ಅಶ್ವತ್ಥಪ್ಪನ ಕೆಲಸ. ಚಿತ್ರ ತೆಲುಗಿನದಾಗಲಿ, ತಮಿಳಿನದಾಗಲಿ, ಹಿಂದಿಯದಾಗಲಿ, ಅದರ ಮೇಲೆ ಅವನ ಕನ್ನಡ ಹರಿಯುತ್ತಿತ್ತು. ನಾಯಕಿ ಅತ್ತರೆ, "ಅಳಬ್ಯಾಡ ಕಣವ್ವ, ಇನ್ನೆರಡು ರೀಲು ತಡ್ಕೋ" ಎನ್ನುತ್ತಿದ್ದ. ಕೇಡಿ ಬಾಗಿಲಲ್ಲಿ ಕಾಣಿಸಿಕೊಂಡರೆ, "ಬಂದ ನೋಡ್ರಪ್ಪ, ಮಕ್ಕಳನ್ನ ಮಡ್ಲಿಗೆ ಆಕ್ಕೊಳ್ಳಿ" ಎನ್ನುತ್ತಿದ್ದ. ಕಪ್ಪುಬಿಳುಪು ಚಿತ್ರದಲ್ಲೂ ನಾಯಕಿಯ ಸೀರೆಯ ಬಣ್ಣ ಹೇಳುತ್ತಿದ್ದ. ಮಾರನೆಯ ದಿನ ಹೆಂಗಸರು ಯಲಹಂಕದ ಅಂಗಡಿಗಳಲ್ಲಿ ಅದೇ ಬಣ್ಣ ಕೇಳುತ್ತಿದ್ದರು. ಚಿತ್ರಕ್ಕೆ ಮೊದಲು ಬರುವ ಸಮಾಚಾರದ ರೀಲಿಗಂತೂ ಅವನಿಲ್ಲದೆ ಆಗುತ್ತಲೇ ಇರಲಿಲ್ಲ. ಅದರ ಇಂಗ್ಲಿಷು ಅವನಿಗೂ ಬರುತ್ತಿರಲಿಲ್ಲ. ಆದರೆ ಕಂಡದ್ದನ್ನು ಹೇಳಲು ಇಂಗ್ಲಿಷು ಯಾಕೆ ಬೇಕು?

ಐದು ವರ್ಷದ ಹಿಂದೆ ಕಾಣುವುದೇ ಕಡಿಮೆಯಾಗುತ್ತಾ ಬಂತು. ನರ ಒಣಗಿದೆ, ಕೊಯ್ದರೂ ಪ್ರಯೋಜನವಿಲ್ಲ ಎಂದರು ಪೇಟೆಯ ಡಾಕ್ಟರು. ಆ ವರ್ಷದ ದೀಪಾವಳಿಗೆ ಅವನಿಗೆ ಎದುರಿನ ಹಣತೆಯೂ ಕಾಣಲಿಲ್ಲ.

"ಕುರುಡ ಸಿನಿಮಾ ಏಳ್ತಾನೆ ಅಂದ್ರೆ ಜನ ಸಿನಿಮಾ ಬಿಟ್ಟು ನನ್ನ ನೋಡ್ತಾರೆ ಕಣೇ. ಯಾರ್ಗೂ ಏಳ್ಬೇಡ," ಎಂದ.

ಅವಳು ಹೇಳಲಿಲ್ಲ. ಹುರಿದ ಕಡಲೇಕಾಯಿಯ ಬುಟ್ಟಿ ಹೊತ್ತು ತಾನೂ ಟೆಂಟಿಗೆ ಹೊರಟಳು. ನಿಂತು ಹೇಳುತ್ತಿದ್ದವನು ಮಂಡಿನೋವಿನ ನೆಪ ಹೇಳಿ ಗಿಡ್ಡ ಸ್ಟೂಲಿನ ಮೇಲೆ ಕೂತ. ಅವಳು ಅದರ ಬುಡದಲ್ಲಿ ಬುಟ್ಟಿ ಇಟ್ಟುಕೊಂಡು ಕೂತಳು. ಪರದೆಯಲ್ಲಿ ಕಂಡದ್ದನ್ನು ಅವಳು ಪಿಸುಗುಟ್ಟುವಳು, ಅವನು ಉಪ್ಪುಕಾರ ಹಚ್ಚಿ ಟೆಂಟಿಗೆಲ್ಲ ಕೇಳುವಂತೆ ಹೇಳುವನು. ದಾರಿಯಲ್ಲಿ ಅವಳ ಬಳೆಯ ಸದ್ದು ಹಿಡಿದು ಹಿಂದೆ ಬರುವನು. ಎದುರು ಸಿಕ್ಕವರನ್ನು ಮಾತಾಡಿಸದೆ ಹೋದರೆ, ವಯಸ್ಸಾದ ಹಾಗೆ ಜಂಬ ಹೆಚ್ಚಾಯಿತು ಎಂದುಕೊಂಡರು ಜನ. ಹೋಟೆಲಿನಲ್ಲಿ ಯಾರಾದರೂ ಪೇಪರು ಕೈಗೆ ಕೊಟ್ಟರೆ, "ನೀನು ಓದಪ್ಪ, ನಾನು ಅರ್ಥ ಏಳ್ತೀನಿ" ಎನ್ನುವನು. ಅದಕ್ಕೂ ಜಂಬವೆಂದೇ ಹೆಸರಾಯಿತು.

ಹೋದ ವರ್ಷ ಚೀನಾದವರ ಜೊತೆ ಯುದ್ಧ ಹತ್ತಿತು. ಸಿಪಾಯಿಯಾಗಿದ್ದ ಕೃಷ್ಣನ ಕಾಗದ ದೀಪಾವಳಿಗೆ ನಿಂತುಹೋಯಿತು. ಅವನ ಹೆಂಡತಿ ಗೋಪಾಲಮ್ಮ ಏಳು ತಿಂಗಳ ಬಸುರಿ, ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಊಟಕ್ಕೂ ಏಳುತ್ತಿರಲಿಲ್ಲ. ಯುದ್ಧದ ರೀಲು ಬಂದಿದೆಯೆಂದು ಕೇಳಿ ಮರಿಯಮ್ಮ ಸೊಸೆಯನ್ನು ಎಬ್ಬಿಸಿಕೊಂಡು ಟೆಂಟಿಗೆ ಬಂದಳು.

ಪರದೆಯ ಮೇಲೆ ಬೆಟ್ಟ, ಹಿಮ, ಒಂದು ಲಾರಿ.

"ಲಾರಿ ತುಂಬ ಸಿಪಾಯಿಗಳು," ಎಂದು ಪಿಸುಗುಟ್ಟಿದ ಮುನಿವೆಂಕಟಮ್ಮ, ಮನೆಯಲ್ಲಿ ಗಂಡನ ಜೊತೆ ಆಡುವ ಹಾಗೆ ಇನ್ನೊಂದು ಮಾತು ಸೇರಿಸಿದಳು. "ಆ ಮೂರನೆಯೋನು ಕತ್ತು ತಿರುಗ್ಸೋದು ನಮ್ಮ ಮರಿಯಕ್ಕನ ಕೃಷ್ಣನಂಗೇ ಐತೆ, ಪಾಪ."

ಕಿವಿಗೆ ಬಿದ್ದದ್ದು ಬಾಯಿಗೆ ಬಂದೇ ಅಭ್ಯಾಸ ಅವನಿಗೆ. "ಅಗೋ ನೋಡ್ರಪ್ಪ ಲಾರೀನ. ಮೂರನೆಯೋನು ಯಾರು ಏಳಿ? ನಮ್ಮ ಮರಿಯಮ್ಮನ ಕೃಷ್ಣ."

ಟೆಂಟಿಗೆ ಟೆಂಟೇ ಎದ್ದು ನಿಂತಿತು. ಆ ರೀಲನ್ನು ಅವತ್ತು ಮೂರು ಸಲ ಓಡಿಸಿದರು, ಆಮೇಲೂ ವಾರವಿಡೀ ಇಟ್ಟುಕೊಂಡರು. ಮಾರನೆಯ ದಿನ ಮುನಿವೆಂಕಟಮ್ಮ ಕಣ್ಣು ನೆಟ್ಟು ನೋಡಿದಳು. ಮೂರನೆಯವನು ಒಂದು ಗಳಿಗೆ ಈ ಕಡೆ ತಿರುಗಿದ. ದಪ್ಪ ಮೀಸೆ, ಅಗಲ ಮುಖ. ಯಾರದೋ ಮಗ.

ಮನೆಗೆ ಬಂದು ಹೇಳಿದಾಗ ಅಶ್ವತ್ಥಪ್ಪ ತಲೆಯ ರುಮಾಲು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡ. "ಇಷ್ಟು ದಿನ ಸಿನಿಮಾದೋರ ಬದುಕಿನ ಮೇಲೆ ಮಾತಾಡ್ತಿದ್ದೆ," ಎಂದ ಆಮೇಲೆ. "ಈಗ ಊರೋರ ಬದುಕಿನ ಮೇಲೆ ಆಡ್ಬುಟ್ಟೆ."

ಅಲ್ಲವೆನ್ನಬೇಕಾದರೆ ಕಂಡವರು ಯಾರೆಂದೂ ಹೇಳಬೇಕಿತ್ತು. ಇಬ್ಬರೂ ಹೇಳಲಿಲ್ಲ. ವೈಶಾಖದಲ್ಲಿ ಕೃಷ್ಣನ ಕಾರ್ಡು ಬಂತು: ಚೀನಾದವರು ಬಿಟ್ಟಿದ್ದಾರೆ, ಆಸ್ಪತ್ರೆಯಲ್ಲಿದ್ದೇನೆ, ರಜೆಗೆ ಬರುತ್ತೇನೆ. ಊರಿನವರು ಅಶ್ವತ್ಥಪ್ಪನಿಗೆ ಹಾರ ಹಾಕಿದರು. ಅದನ್ನು ಅವನು ಮನೆಗೆ ಬರುವ ದಾರಿಯಲ್ಲೇ ತೆಗೆದು ಅವಳ ಬುಟ್ಟಿಗೆ ಹಾಕಿದ.

*

ಮರಿಯಮ್ಮ ಒಳಗೆ ಬಂದು ಹೆಣದ ಕಾಲು ಮುಟ್ಟಿ ನಮಸ್ಕರಿಸಿ, ಪಕ್ಕದಲ್ಲಿ ಕೂತಳು.

"ಟೇಸನ್ನಿಗೆ ಓಗ್ಲಿಲ್ವಾ ಮರಿಯಕ್ಕ?"

"ಸಾವಿನ ಮನೆ ತುಳಿದು ಮಗನ ಎದುರಿಗೆ ಓಗಬಾರ್ದು ಅಂತಾರೆ. ಇಲ್ಲಿಗೋ ಅಲ್ಲಿಗೋ ಅಂದಾಗ ಇಲ್ಲಿಗೇ ಅಂದುಕೊಂಡೆ. ಕೂಸ್ನ ಪಕ್ಕದ ಮನೇಲಿ ಮಲಗಿಸಿ ಗಾಡೀಲಿ ಗೋಪಾಲಿ ಓದ್ಲು. ಅವಳೇ ಮೊದಲು ನೋಡ್ಲಿ."

ಆ ಮಾತಿಗೆ ಮುನಿವೆಂಕಟಮ್ಮನಿಗೆ ತಡೆಯಲಾಗಲಿಲ್ಲ. ಮಗನ ಮುಖ ನೋಡುವುದನ್ನೂ ಬಿಟ್ಟು ಬಂದವಳ ಹತ್ತಿರ ಇನ್ನೂ ಮುಚ್ಚಿಡುವುದು ಹೇಗೆ?

"ಅಕ್ಕ, ಅವತ್ತು ಲಾರೀಲಿದ್ದೋನು ನಿನ್ನ ಮಗ ಅಲ್ಲ."

"ಗೊತ್ತು ಬುಡು," ಎಂದಳು ಮರಿಯಮ್ಮ.

"ಗೊತ್ತಾ?"

"ಎರಡನೇ ದಿನವೇ ಕಂಡೆ. ಆ ಮೀಸೆ ನನ್ನ ಮಗನಿಗೆ ಏಳು ಜನ್ಮಕ್ಕೂ ಬರಾಕಿಲ್ಲ."

"ಮತ್ತೆ ಏಳೂ ದಿನ ಬಂದ್ಯಲ್ಲ, ನೆಂಟರನ್ನೆಲ್ಲ ಕಟ್ಕೊಂಡು?"

"ಮೊದಲ್ನೇ ದಿನ ಮನೆಗೆ ಬಂದು ಗೋಪಾಲಿ ಒಂದು ಮುದ್ದೆ ಉಂಡ್ಲು. ಆಮೇಲೆ ಇನ್ನರ್ಧ ಕೇಳಿದ್ಲು." ಮರಿಯಮ್ಮ ದನಿ ತಗ್ಗಿಸಿದಳು. "ಆ ಉಡುಗಿ ಕಣ್ಣೀರ್ನಲ್ಲೇ ನೋಡಿದ್ದು, ಮೀಸೆ ಎಲ್ಲಿಂದ ಕಾಣ್ತದೆ? ನಿನ್ನ ಗಂಡ ಎಲ್ಲಿ ತಪ್ಪಾಯ್ತು, ಅವನಲ್ಲ ಅಂದುಬುಡ್ತಾನೋ ಅಂತ ನಂಗೆ ದಿನಾ ಪುಕಪುಕ. ಅದಕ್ಕೇ ಮುಂದ್ಗಡೆ ಕೂತ್ಕೊಂಡು ಅವನನ್ನೇ ಗುರಾಯಿಸ್ತಿದ್ದೆ."

"ನೀನು ಗುರಾಯಿಸಿದ್ದು ಅವರಿಗೆ ಕಾಣ್ತಿರ್ಲಿಲ್ಲಕ್ಕ."

"ಅಂದ್ರೆ?"

"ಐದು ವರ್ಷದಿಂದ ಏನೂ ಕಾಣ್ತಿರ್ಲಿಲ್ಲ. ನಾನು ನೋಡಿ ಏಳ್ತಿದ್ದೆ, ಅವರು ಕೂಗ್ತಿದ್ರು. ಮೂರನೆಯೋನು ಅಂದಿದ್ದು ನಾನು."

ಮರಿಯಮ್ಮ ಹೆಣದ ಮುಖವನ್ನೂ ಇವಳ ಮುಖವನ್ನೂ ಒಂದೆರಡು ಸಲ ನೋಡಿದಳು.

"ಮತ್ತೆ ಆ ಸೀರೆಗಳ ಬಣ್ಣ?"

"ಅದು ಅವರದೇ."

ಮರಿಯಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅವಳ ಭುಜಗಳು ಅಲುಗಿದವು. ಅದನ್ನು ಕಂಡು ಮುನಿವೆಂಕಟಮ್ಮನ ಭುಜವೂ ಅಲುಗಿತು. ಕಿಟಕಿಯಿಂದ ಇಣುಕಿದ ಹೆಂಗಸೊಬ್ಬಳು, "ಪಾಪ, ಸಂಕಟ ಈಗ ಬಂತು," ಎಂದು ಹೊರಗಿನವರಿಗೆ ಹೇಳಿದಳು.

ಮುನಿವೆಂಕಟಮ್ಮನೇ ಮೊದಲು ಸುಧಾರಿಸಿಕೊಂಡದ್ದು. "ಈಗ ನಿನ್ನ ಮಗನನ್ನ ಎಲ್ಲರೆದುರಿಗೂ ಕೇಳ್ತಾನಲ್ಲ ಸೊಣ್ಣಣ್ಣ. ಅವನು ನಾನಲ್ಲ ಅಂದ್ರೆ?"

ಮರಿಯಮ್ಮನ ನಗು ನಿಂತಿತು. "ಅದು ನಂಗೆ ಒಳೀಲೇ ಇಲ್ಲ ಕಣೆ. ಗೋಪಾಲಿನೂ ಅಲ್ಲೇ ಇರ್ತಾಳೆ. ನಾನು ಟೇಸನ್ನಿಗೇ ಓಗಬೇಕಾಗಿತ್ತು."

ಗಾಡಿಯ ಸದ್ದು ಅಷ್ಟರಲ್ಲೇ ಕೇಳಿಸಿತು.

ಕೃಷ್ಣ ಕುಂಟುತ್ತಾ ಒಳಗೆ ಬಂದ. ಕೆನ್ನೆಯ ಮೂಳೆ ಎದ್ದಿತ್ತು. ಹಿಂದೆಯೇ ಗೋಪಾಲಮ್ಮ, ಅವಳ ಹಿಂದೆ ಜಗಲಿಯ ಮೇಲಿದ್ದ ಜನವೆಲ್ಲ. ಅವನು ತಾಯಿಯನ್ನು ನೋಡಿದ. ತಾಯಿ ಎದ್ದು ಅವನ ಗಲ್ಲ ಹಿಡಿದಳು, ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಸೊಣ್ಣಪ್ಪ ನಡುವೆ ಬಂದ.

"ಅಳೋದು ಆಮೇಲೆ ಇದ್ದದ್ದೇ, ತಡಿ ಮರಿಯಮ್ಮ. ಗಾಡೀಲಿ ಎಲ್ಲ ಏಳಿರಬೇಕಲ್ಲಪ್ಪ ನಿಂಗೆ? ರೀಲು, ಲಾರಿ, ಎಲ್ಲ?"

"ಏಳಿದ್ರು."

"ಇಲ್ಲಿ ಮಲಗವ್ನಲ್ಲ, ಇವನು ಸಾವಿರ ಮೈಲಿ ದೂರದಲ್ಲಿದ್ದ ನಿನ್ನ ಗುರುತು ಇಡಿದ. ನೀನೇ ಬಾಯಿಬುಟ್ಟು ಏಳು, ಊರು ಕೇಳ್ಲಿ. ಆ ಮೂರನೆಯೋನು ನೀನೇ ತಾನೆ?"

ಮುನಿವೆಂಕಟಮ್ಮ ಗಂಡನ ತಣ್ಣಗಿನ ಭುಜದ ಮೇಲೆ ಕೈ ಇಟ್ಟುಕೊಂಡಳು. ಕೃಷ್ಣ ನೆಲ ನೋಡಿದ. ದೀಪಾವಳಿಗೆ ಮೊದಲೇ ಶತ್ರುಗಳ ಕೈಗೆ ಸಿಕ್ಕವನು ಅವನು. ಆ ಚಳಿಗಾಲವೆಲ್ಲ ಬೀಗ ಹಾಕಿದ ಕೋಣೆಯಲ್ಲಿ ಕಳೆದವನು. ಆಮೇಲೆ ಅವನು ಹೆಂಡತಿಯ ಕಡೆ ತಿರುಗಿದ. ಗಾಡಿಯಲ್ಲಿ ದಾರಿಯುದ್ದಕ್ಕೂ ಅವಳು ಹೇಳಿದ್ದು ಆ ಒಂದೇ ಕತೆಯನ್ನು. ಈಗಲೂ ಅವಳ ತುಟಿ ಸ್ವಲ್ಪ ತೆರೆದೇ ಇತ್ತು.

"ಮಾವ ಏಳಿದ ಮೇಲೆ ನಾನೇ ಕಣಣ್ಣ," ಎಂದ. "ಎಷ್ಟೋ ಲಾರಿ ಅತ್ತಿಸಿದ್ರು, ಇಳಿಸಿದ್ರು. ಯಾವುದು ಅಂತ ನಂಗೆ ಗ್ಯಾಪಕ ಇಲ್ಲ. ಅವರಿಗೆ ಕಂಡಿತ್ತಲ್ಲ, ಸಾಕು."

"ನೋಡಿದ್ರಾ," ಎಂದ ಸೊಣ್ಣಪ್ಪ ಎಲ್ಲರ ಕಡೆ ತಿರುಗಿ. "ಅದು ಕಣ್ಣು ಅಂದ್ರೆ."

ಮರಿಯಮ್ಮ ಮತ್ತೆ ಪಕ್ಕದಲ್ಲಿ ಕೂತು ಮೆಲ್ಲಗೆ ಮುನಿವೆಂಕಟಮ್ಮನ ತೊಡೆ ಚಿವುಟಿದಳು. ಮುನಿವೆಂಕಟಮ್ಮ ಬೆನ್ನನ್ನು ಗೋಡೆಗೆ ಬಿಟ್ಟು ಕಾಲು ಚಾಚಿದಳು. ನಿನ್ನೆ ಸಂಜೆಯಿಂದ ಮಡಚಿಕೊಂಡೇ ಇದ್ದ ಕಾಲುಗಳು. ಯಾರೋ ಕೊಟ್ಟ ನೀರಿನ ಚೊಂಬನ್ನು ಎತ್ತಿ ಪೂರ್ತಿ ಕುಡಿದಳು.

ಕದಿರಪ್ಪ ಅಕ್ಕಿಯ ತಟ್ಟೆ ಹಿಡಿದ. ಕೃಷ್ಣ ಬಲಗೈ ತುಂಬ ಅಕ್ಕಿ ತೆಗೆದುಕೊಂಡು ಬಗ್ಗಿದ. ಹಿಮ ಅವನ ಆ ಕೈಯ ಎರಡು ಬೆರಳು ತೆಗೆದುಕೊಂಡಿತ್ತು. ಅಕ್ಕಿ ನಿಲ್ಲದೆ ಆ ಸಂದಿನಿಂದ ಸುರಿಯತೊಡಗಿತು. ಗೋಪಾಲಮ್ಮ ಮುಂದೆ ಬಂದು ಅವನ ಕೈಯ ಕೆಳಗೆ ತನ್ನ ಬೊಗಸೆ ಒಡ್ಡಿದಳು. ಇಬ್ಬರ ಕೈಗಳೂ ಹಾಗೇ ಒಂದರೊಳಗೊಂದು ಕೂಡಿಕೊಂಡು ಅಶ್ವತ್ಥಪ್ಪನ ಬಾಯಿಯವರೆಗೆ ನಿಧಾನವಾಗಿ ಇಳಿದವು.