ಲಕೋಟೆಯ ಮೇಲಿನ ಹೆಸರು

೨೦೦೬ರ ಬೇಸಿಗೆ. ಮಗಳು ರಮ್ಯಳ ಮದುವೆಗೆ ಇನ್ನು ಹದಿನೈದೇ ದಿನ. ಪುಟ್ಟಪ್ಪಗೌಡರು ಜಗಲಿಯಲ್ಲಿ ಕುಳಿತು, ಕರೆಯಬೇಕಾದವರ ಪಟ್ಟಿಯನ್ನು ಇನ್ನೊಮ್ಮೆ ನೋಡುತ್ತಿದ್ದರು. ಅವರ ಬಾಯಲ್ಲಿ ಒಂದು ಕೆಟ್ಟ ಮಾತು ಬಂದಿದ್ದನ್ನು ಮೆಣಸೆ ಊರಲ್ಲಿ ಯಾರೂ ಕೇಳಿರಲಿಲ್ಲ. ತೋಟದ ಕೆಲಸದವರು ಬೈಗುಳ ಆಡಿದರೆ, “ನನ್ನ ಬೇಲಿಯೊಳಗೆ ಹೊಲಸು ಮಾತು ಬೇಡ” ಎಂದು ಗದರಿಸುತ್ತಿದ್ದರು. ಅದು ಅವರಿಗೆ ಸಣ್ಣ ಹೆಮ್ಮೆಯೇನಲ್ಲ.

ಅಷ್ಟರಲ್ಲಿ ನಾರಾಯಣ ಅಂಗಳಕ್ಕೆ ಬಂದ. ಕಂಕುಳಲ್ಲಿ ಊರುಗೋಲು, ಕೈಯಲ್ಲಿ ಮದುವೆ ಕಾಗದ. ಎಂಟು ವರ್ಷ ಇವರ ತೋಟದಲ್ಲಿ ಅಡಿಕೆ ಮರ ಹತ್ತಿ ಕೊನೆ ಕೊಯ್ದು ಇಳಿಸಿದವನು. ಮೂರು ವರ್ಷದ ಹಿಂದೆ, “ಮರ ಜಾರ್ತದೆ, ನಾಳೆ ಹತ್ತುತ್ತೇನೆ” ಎಂದರೂ ಕೇಳದೆ ಗೌಡರು ಹತ್ತಿಸಿದ್ದರು. ಬಿದ್ದವನ ಬಲಗಾಲು ಮತ್ತೆ ನೆಟ್ಟಗಾಗಲಿಲ್ಲ. ‘ನಾಳೆ’ ಎಂದಿದ್ದನೆಂಬುದನ್ನು ಗೌಡರು ಯಾರಿಗೂ ಹೇಳಿರಲಿಲ್ಲ.

“ಗೌಡ್ರೆ, ಈ ಕಾಗದ ನಮ್ಮನೆಗೆ ತಪ್ಪಿ ಬಂದಿದೆ. ಈ ಹೆಸರಿನವರು ನಮ್ಮಲ್ಲಿ ಯಾರೂ ಇಲ್ಲ.”

ಲಕೋಟೆಯ ಮೇಲೆ ದುಂಡಗಿನ ಅಕ್ಷರದಲ್ಲಿ ‘ಶ್ರೀ ಕುಂಟ ನಾರಾಯಣ ಮತ್ತು ಕುಟುಂಬದವರಿಗೆ’ ಎಂದಿತ್ತು.

ಗೌಡರ ಮುಖ ಕಪ್ಪಿಟ್ಟಿತು. ಪಟ್ಟಿಯಲ್ಲಿ ಹಾಗೆ ಬರೆದವರು ಅವರೇ. ಅಕ್ಕನ ಮಗ ಪ್ರದೀಪ ಅದನ್ನೇ ಲಕೋಟೆಗೆ ಇಳಿಸಿ, ಬೈಕಿನಲ್ಲಿ ಹೋಗಿ ಹಂಚಿ ಬಂದಿದ್ದ.

“ಪ್ರದೀಪಂಗೆ ಬುದ್ಧಿ ಇಲ್ಲ ಮಾರಾಯ. ನೋಡದೆ ಬರ್ದಿದಾನೆ.”

“ನೋಡೇ ಬರ್ದಿದಾನೆ ಗೌಡ್ರೆ. ನಿಮ್ಮ ಪಟ್ಟಿ ನೋಡಿ.”

“ಬೈಬೇಕು ಅಂತ ಬರ್ದಿದ್ದಲ್ಲ ಕಣೋ. ಊರಲ್ಲಿ ಎಲ್ಲರೂ ಹೇಳೋದೇ ಹಾಗೆ. ಅಂಗಡಿ ನಾರಾಯಣ ಒಬ್ಬ, ನೀನೊಬ್ಬ. ಗುರುತಿಗೆ ಏನಾದ್ರೂ ಬೇಕಲ್ಲ?”

“ಎಲ್ಲರೂ ಹೇಳ್ತಾರೆ ಅಂತ ನಂಗೆ ಗೊತ್ತಿರಲಿಲ್ಲ. ಎದುರಿಗೆ ನಾರಾಯಣಣ್ಣ ಅಂತಾರೆ. ನಿನ್ನೆ ಮಗಳು ನಯನ ಖುಷೀಲಿ ಗಟ್ಟಿಯಾಗಿ ಓದಕ್ಕೆ ಹೊರಟ್ಲು. ‘ಶ್ರೀ’ ಅಂದವಳು ಅಲ್ಲೇ ನಿಂತ್ಲು.” ನಾರಾಯಣ ಲಕೋಟೆಯನ್ನು ಗೌಡರ ಮುಂದೆ ಹಿಡಿದ. “ಗುರುತು ಬೇಕಿದ್ರೆ ‘ನಮ್ಮ ತೋಟದಲ್ಲಿ ಬಿದ್ದ ನಾರಾಯಣ’ ಅಂತ ಬರೀಬಹುದಿತ್ತಲ್ಲ ಗೌಡ್ರೆ? ಅದೂ ಗುರುತೇ ಅಲ್ವಾ?”

ಕಾಗದವನ್ನು ಜಗಲಿಯ ಮೇಲಿಟ್ಟು ಅವನು ಹೊರಟುಹೋದ.

ಕಾಫಿ ಹಿಡಿದು ಹೊರಬಂದ ಹೆಂಡತಿ ವನಜಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದರು. “ಕೆಲಸದವರು ಆಡಿದ್ರೆ ಬೈಗುಳ, ನೀವು ಬರೆದ್ರೆ ಗುರುತಾ?” ಎಂದಷ್ಟೇ ಹೇಳಿ ಒಳಗೆ ಹೋದರು. ಗೌಡರಿಗೆ ಮೊದಲು ಬಂದದ್ದು ಸಿಟ್ಟು. ನಾಚಿಕೆ ಬರಲು ಸಂಜೆಯಾಯಿತು.

ಮರುದಿನ ಬೇರೆ ಲಕೋಟೆಯ ಮೇಲೆ ಬರೀ ಹೆಸರು ಬರೆದು ತಾವೇ ಹೋದರು. ಬಾಗಿಲಲ್ಲಿ ನಿಂತು, “ತಪ್ಪಾಯ್ತು” ಎಂದರು. ನಾರಾಯಣ ಕಾಗದ ತೆಗೆದುಕೊಂಡ. ಒಳಗೆ ಬನ್ನಿ ಎನ್ನಲಿಲ್ಲ.

ಶೃಂಗೇರಿಯ ಛತ್ರದಲ್ಲಿ ಮದುವೆ ಜೋರಾಗಿ ನಡೆಯಿತು. ಅಂಗಡಿ ನಾರಾಯಣ ಬಂದ. ಇನ್ನೊಬ್ಬ ಬರಲಿಲ್ಲ. ಧಾರೆ ಮುಗಿಯುವವರೆಗೂ ಗೌಡರ ಕಣ್ಣು ಬಾಗಿಲ ಕಡೆಗೇ ಇತ್ತು. ಊಟದ ಹೊತ್ತಿಗೆ ಜಯಪುರದ ನೆಂಟ ಕಲ್ಲೇಶಪ್ಪ, ಬೀಗರ ಎದುರೇ ಕೇಳಿದರು: “ಏನ್ ಗೌಡ್ರೆ, ನಿಮ್ಮ ಕುಂಟ ಕಾಣ್ಸೋದೇ ಇಲ್ವಲ್ಲ?”

ಸುತ್ತ ಇದ್ದವರು ನಕ್ಕರು.

“ಯಾರು?” ಎಂದರು ಗೌಡರು. “ಬೇಡ ಅಂದ್ರೂ ಕೇಳ್ದೆ ನಾನು ಮರ ಹತ್ತಿಸಿ ಕಾಲು ಹಾಳು ಮಾಡಿದ ನಾರಾಯಣನಾ?”

ನಗು ನಿಂತಿತು.

“ಅವ ಬರಲಿಲ್ಲ. ಬರೋ ಹಾಗೆ ನಾನು ಕರೀಲಿಲ್ಲ.”